ಬೈಕಂಪಾಡಿಯ ಕಾರ್ಖಾನೆಯಲ್ಲಿ ಎಂಟು ವಾರ: ಒಂದು ಇಂಟರ್ನ್‌ಶಿಪ್‌ನ ವಿಮರ್ಶೆ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗಳಲ್ಲಿ ಬುಷ್ (ಟೊಳ್ಳು ಕೊಳವೆಯಂಥ ಬಿಡಿಭಾಗ) ಮತ್ತು ಪಿನ್‌ಗಳನ್ನು ತಯಾರಿಸುವ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ, ಮೆಕ್ಯಾನಿಕಲ್ ವಿದ್ಯಾರ್ಥಿಯಾದ ನಾನು ಏಪ್ರಿಲ್ ಮತ್ತು ಮೇ ತಿಂಗಳ ಸೆಕೆಯಲ್ಲಿ 8 ವಾರಗಳ ಇಂಟರ್ನ್‌ಶಿಪ್ ಮುಗಿಸಿದೆ. ಕೆಲವು ದೂರುಗಳನ್ನೂ ಬರೆಯಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಮೊದಲ ಹತ್ತು ದಿನಗಳು ವ್ಯರ್ಥವಾದವು. ಹಳೆಯ ತಪಾಸಣಾ ವರದಿಗಳನ್ನು ದಿನಾಂಕದ ಪ್ರಕಾರ ಫೈಲಿಗೆ ಸೇರಿಸುವುದೇ ಕೆಲಸವಾಗಿತ್ತು. ಕೊಡುತ್ತೇವೆಂದಿದ್ದ ಪ್ರಯಾಣ ಭತ್ಯೆ ಕೊನೆಯವರೆಗೂ ಬರಲಿಲ್ಲ, ಸುರಕ್ಷತಾ ಬೂಟನ್ನು ಕೈಯಿಂದ ಹಣ ಹಾಕಿ ಕೊಳ್ಳಬೇಕಾಯಿತು. ಕ್ಯಾಂಟೀನಿನ ಕುಚಲಕ್ಕಿ ಗಂಜಿ ಮತ್ತು ಚಟ್ನಿಯ ಬಗ್ಗೆ ಮಾತ್ರ ದೂರಿಲ್ಲ.

ಮೂರನೆಯ ವಾರ ನನ್ನನ್ನು ಹಿರಿಯ ಇನ್‌ಸ್ಪೆಕ್ಟರ್ ಒಬ್ಬರ ಕೈಗೆ ಒಪ್ಪಿಸಿದರು, ಕಲಿಕೆ ನಿಜವಾಗಿ ಆರಂಭವಾದದ್ದು ಅಲ್ಲಿಂದ. ಅವರು ನನ್ನಿಂದ ಮೊದಲು ಮಾಡಿಸಿದ ಕೆಲಸ ಸ್ಲಿಪ್ ಗೇಜ್‌ಗಳನ್ನು (ಅಳತೆ ಸಾಧನಗಳನ್ನು ಹೋಲಿಸಿ ನೋಡುವ ನಿಖರ ಉಕ್ಕಿನ ತುಂಡುಗಳನ್ನು) ಒರೆಸಿ ವ್ಯಾಸಲೀನ್ ಹಚ್ಚಿಡುವುದು. ಬೆವರಿದ ಬೆರಳಿನ ಗುರುತು ಹಾಗೆಯೇ ಉಳಿದರೆ, ಕಡಲ ತೇವದ ಈ ಊರಿನಲ್ಲಿ ಅಲ್ಲಿಯೇ ತುಕ್ಕು ಹಿಡಿಯುತ್ತದೆ ಎಂಬುದನ್ನು ಒಂದು ಹಾಳಾದ ಗೇಜನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು.

ನನಗೆ ವಹಿಸಿದ ಸಮಸ್ಯೆ 60 ಮಿ.ಮೀ. ಹೊರವ್ಯಾಸದ ಒಂದು ಉಕ್ಕಿನ ಬುಷ್‌ಗೆ ಸಂಬಂಧಿಸಿದ್ದು. ಡ್ರಾಯಿಂಗ್‌ನಲ್ಲಿ ಎಚ್6 ಎಂದಿತ್ತು. ಅಂದರೆ ವ್ಯಾಸವು 60 ಮಿ.ಮೀ.ಗಿಂತ ಹೆಚ್ಚಾಗಬಾರದು, ಕಡಿಮೆಯಾದರೂ 19 ಮೈಕ್ರಾನಿನೊಳಗೆ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದಂಶ) ಇರಬೇಕು. ಬೆಳಗ್ಗೆ ತಯಾರಾದವು ಪಾಸಾಗುತ್ತಿದ್ದವು, ಮಧ್ಯಾಹ್ನದ ನಂತರದವುಗಳಲ್ಲಿ ಹಲವು ಅಳತೆ ಕಡಿಮೆಯಾಗಿ ತಿರಸ್ಕೃತವಾಗುತ್ತಿದ್ದವು. ವ್ಯಾಸ ಹೆಚ್ಚಿದ್ದರೆ ಮತ್ತೊಮ್ಮೆ ಲೇತಿಗೆ ಹಾಕಿ ಸರಿಪಡಿಸಬಹುದು, ಕಡಿಮೆಯಾದದ್ದಕ್ಕೆ ಗುಜರಿಯೇ ಗತಿ. ಇನ್ಸರ್ಟ್ (ಲೇತಿನ ಕತ್ತರಿಸುವ ತುದಿ) ಸವೆದಿದೆ ಎಂದು ನಾನು ವರದಿ ಬರೆದು ಕೊಟ್ಟಾಗ ಆ ಇನ್‌ಸ್ಪೆಕ್ಟರ್ ಓದಿ, "ಇನ್ಸರ್ಟ್ ಸವೆದರೆ ಬುಷ್ ದಪ್ಪ ಆಗ್ಬೇಕಲ್ವಾ ಮಾರಾಯ, ಸಪೂರ ಆಗುವುದು ಹೇಗೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮೂರು ದಿನ ಯಂತ್ರದ ಬಳಿ ನಿಂತ ಮೇಲೆ ಕಾರಣ ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಕೂಲೆಂಟ್ (ಕತ್ತರಿಸುವಾಗ ತಂಪು ಮಾಡುವ ದ್ರವ) ಬಿಸಿಯಾಗಿರುತ್ತಿತ್ತು. ಆಪರೇಟರ್ ಆಗಷ್ಟೇ ಬಿಚ್ಚಿದ ಬಿಸಿ ಬುಷ್ ಅನ್ನು ಅಳೆದು, ದಪ್ಪ ಕಂಡದ್ದರಿಂದ ಆಫ್‌ಸೆಟ್ (ಯಂತ್ರಕ್ಕೆ ಕೊಡುವ ಅಳತೆಯ ತಿದ್ದುಪಡಿ) ಇಳಿಸುತ್ತಿದ್ದರು. ಉಕ್ಕು ಪ್ರತಿ ಡಿಗ್ರಿಗೆ ಮೀಟರೊಂದಕ್ಕೆ ಸುಮಾರು 11.5 ಮೈಕ್ರಾನ್ ಹಿಗ್ಗುವುದರಿಂದ, ಮೈಕ್ರೋಮೀಟರಿಗಿಂತ 10 ಡಿಗ್ರಿ ಬಿಸಿಯಾಗಿರುವ 60 ಮಿ.ಮೀ. ಬುಷ್ ಸುಮಾರು 7 ಮೈಕ್ರಾನ್ ದಪ್ಪವಾಗಿ ತೋರುತ್ತದೆ, ಇರುವ 19 ಮೈಕ್ರಾನಿನಲ್ಲಿ ಮೂರನೆಯ ಒಂದಂಶಕ್ಕೂ ಹೆಚ್ಚು ಅಲ್ಲಿಯೇ ಹೋಯಿತು. ಅದೇ ಬುಷ್ 20 ಡಿಗ್ರಿಯ ತಪಾಸಣಾ ಕೊಠಡಿಯಲ್ಲಿ ತಣಿದ ಮೇಲೆ ಸಪೂರವಾಗಿ ಸಿಕ್ಕಿಬೀಳುತ್ತಿತ್ತು. ಸಾಲದ್ದಕ್ಕೆ, ಯಂತ್ರದ ಬಳಿಯಿದ್ದ ಮೈಕ್ರೋಮೀಟರಿನ ಅತಿಸಣ್ಣ ಅಳತೆ 0.01 ಮಿ.ಮೀ.; 19 ಮೈಕ್ರಾನನ್ನು ಅದರಲ್ಲಿ ನೋಡುವುದು ಮೀನಿನ ತಕ್ಕಡಿಯಲ್ಲಿ ಚಿನ್ನ ತೂಗಿದಂತೆಯೇ ಸರಿ.

ಆಮೇಲೆ, ಅಳೆಯುವ ಕ್ರಮವನ್ನೇ ಎಷ್ಟು ನಂಬಬಹುದೆಂದು ನೋಡುವ ಗೇಜ್ ಆರ್ ಆಂಡ್ ಆರ್ ಪರೀಕ್ಷೆ ಮಾಡಿದೆವು: 10 ಬುಷ್, 3 ಮಂದಿ, ತಲಾ 3 ಸಲ, ಒಟ್ಟು 90 ಅಳತೆ. ಈ ಪರೀಕ್ಷೆಯಲ್ಲಿ ವ್ಯತ್ಯಾಸಕ್ಕೆ ಅಳೆಯುವ ಕ್ರಮದ ಪಾಲು ಶೇ. 30 ದಾಟಿದರೆ ಅಳತೆಯ ಕ್ರಮವನ್ನೇ ಒಪ್ಪುವುದಿಲ್ಲ, ನಮ್ಮದು ದಾಟಿತ್ತು. ಒಬ್ಬರು ರ‍್ಯಾಚೆಟ್ (ಒತ್ತುವ ಬಲ ಮಿತಿ ಮೀರದಂತೆ ಜಾರುವ ಮೈಕ್ರೋಮೀಟರಿನ ತುದಿಯ ಗುಂಡಿ) ಬಿಟ್ಟು ನೇರವಾಗಿ ಥಿಂಬಲ್ (ಅಳತೆ ಓದುವ ತಿರುಗು ಕೊಳವೆ) ತಿರುಗಿಸಿ ಬಿಗಿಯುತ್ತಿದ್ದರು. ಆ ಒಬ್ಬರು ನಾನೇ. ಕಾಲೇಜಿನ ಮೆಟ್ರಾಲಜಿ ಲ್ಯಾಬಿನಲ್ಲಿ ಪೂರ್ತಿ ಅಂಕ ಪಡೆದಿದ್ದೆ ಎಂಬುದನ್ನು ಅಂದು ಯಾರಿಗೂ ಹೇಳಲಿಲ್ಲ.

ಕೈಗೆ ಹಣ ಬೇಕೆನ್ನುವವರಿಗೆ ಈ ಇಂಟರ್ನ್‌ಶಿಪ್ ಸಲ್ಲದು. ಅಳತೆಯ ಕೆಲಸ ಕಲಿಯಬೇಕೆನ್ನುವವರು ಹೋಗಲಿ, ಆದರೆ ಮೊದಲ ದಿನವೇ ಶಾಪ್ ಫ್ಲೋರ್‌ನಲ್ಲಿ ಕೆಲಸ ಬೇಕೆಂದು ಲಿಖಿತವಾಗಿ ಕೇಳಲಿ. ಪ್ರಮಾಣಪತ್ರಕ್ಕಾಗಿ ನಾನು ಮೂರು ಸಲ ಅಲೆದೆ. ಮೂರನೆಯ ಸಲ ಹೋದಾಗ ತಪಾಸಣಾ ಕೊಠಡಿಯ ಗ್ರಾನೈಟ್ ಕಲ್ಲಿನ ಮೇಲೆ ಒಂದು ಸಾಲು ಬುಷ್‌ಗಳು ತಣಿಯುತ್ತಿದ್ದವು. ಪಕ್ಕದ ಚೀಟಿಯಲ್ಲಿ ಇಟ್ಟ ಹೊತ್ತನ್ನು ಬರೆದಿದ್ದರು.