ಗುಟುಕು ಬಿಡದ ಗಿಳಿಮರಿಯನ್ನು ಮನೆಗೆ ತರಬೇಡಿ

ಮೊದಲ ಸಲ ಗಿಳಿ ಸಾಕಲು ಹೊರಟವರ ಮನೆಯಲ್ಲಿ ಮರಿ ಸಾಯುವ ರೀತಿ ಹೆಚ್ಚುಕಡಿಮೆ ಒಂದೇ. ಮೊಬೈಲಿನಲ್ಲಿ ಜಾಹೀರಾತು ನೋಡಿ ಸನ್ ಕನ್ಯೂರ್, ಕಾಕಟೀಲ್‌ನಂಥ ವಿದೇಶಿ ಗಿಳಿಯ ಮರಿಯೊಂದನ್ನು ಗೊತ್ತುಮಾಡುತ್ತಾರೆ. ಅರ್ಧ ಗರಿ ಬಂದು ಇನ್ನೂ ಮುಳ್ಳುಮುಳ್ಳಾಗಿರುವ ಮರಿ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಜತೆಗೊಂದು ಸಿರಿಂಜ್, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹೆಸರಿಲ್ಲದ ಪುಡಿ. "ದಿನಕ್ಕೆ ಮೂರು ಸಲ ಕಲಸಿ ಕೊಡಿ ಸರ್, ನಿಮ್ಮ ಕೈಯಲ್ಲೇ ತಿಂದ್ರೆ ನಿಮ್ಮನ್ನ ಬಿಟ್ಟಿರಲ್ಲ" ಎಂಬಲ್ಲಿಗೆ ಮಾರುವವರ ಪಾಠ ಮುಗಿಯಿತು. ಎರಡು ದಿನ ಮರಿ ಚೆನ್ನಾಗಿಯೇ ತಿನ್ನುತ್ತದೆ. ಆಮೇಲೊಂದು ಬೆಳಗ್ಗೆ ನೋಡಿದರೆ ರಾತ್ರಿ ಕೊಟ್ಟದ್ದು ಕುತ್ತಿಗೆಯ ಬುಡದ ಚೀಲದಲ್ಲಿ ಹಾಗೇ ಉಳಿದಿದೆ. ಪಾಪ, ಸರಿಯಾಗಿ ತಿಂದಿಲ್ಲ ಎಂದು ಅದರ ಮೇಲೆ ಇನ್ನಷ್ಟು ಹಾಕುತ್ತಾರೆ. ಸಂಜೆಯ ಹೊತ್ತಿಗೆ ಬಾಯಿಂದ ಹುಳಿ ವಾಸನೆ, ಕಾಲು ತಣ್ಣಗೆ, ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತ ಮರಿ. ನಾಯಿ ಬೆಕ್ಕು ನೋಡುವ ಕ್ಲಿನಿಕ್‌ನಲ್ಲಿ "ನಾವು ಹಕ್ಕಿ ನೋಡಲ್ಲ" ಎನ್ನುತ್ತಾರೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ.

ತಂದವರಿಗೆ ಪ್ರೀತಿ ಕಡಿಮೆಯಾಗಿ ಹೀಗಾಗುವುದಲ್ಲ. ಗುಟುಕು ಕೊಡುವುದು ತರಬೇತಿ ಬೇಕಾದ ಕೆಲಸ, ಅದನ್ನು ಹೊಸಬರ ಕೈಗೆ ದಾಟಿಸಲಾಗುತ್ತಿದೆ. ಮಾರುವವರಿಗೆ ಇದರಲ್ಲಿ ಸ್ಪಷ್ಟ ಲಾಭವಿದೆ: ಒಂದೊಂದು ಮರಿಗೂ ದಿನಕ್ಕೆ ಮೂರು ನಾಲ್ಕು ಹೊತ್ತು ಉಣಿಸುವ ಕೆಲವು ವಾರಗಳ ದುಡಿಮೆ, ಫಾರ್ಮುಲಾದ (ಗಿಳಿಮರಿಗೆಂದೇ ತಯಾರಿಸಿದ ಪುಡಿ ಆಹಾರದ) ಖರ್ಚು, ಮರಿ ಸತ್ತರೆ ಆಗುವ ನಷ್ಟ, ಎಲ್ಲವೂ ಕೊಂಡವರ ತಲೆಗೆ ಹೋಗುತ್ತದೆ. ನೀವೇ ಉಣಿಸಿದರೆ ಮಾತ್ರ ಹೊಂದಿಕೊಳ್ಳುತ್ತದೆ ಎಂಬುದು ಸುಳ್ಳು. ಬ್ರೀಡರ್ ಕೈಯಲ್ಲಿ ಉಂಡು, ಪೂರ್ತಿ ಗುಟುಕು ಬಿಟ್ಟು, ಕಾಳು ಒಡೆದು ತಿನ್ನಲು ಕಲಿತ ಗಿಳಿ ಹೊಸ ಮನೆಗೂ ಹೊಂದಿಕೊಳ್ಳುತ್ತದೆ. ದಿನವೂ ಅದರೊಡನೆ ಕೂತು ಸಮಯ ಕೊಡಬೇಕು, ಅಷ್ಟೆ.

ಆ ಸಿರಿಂಜಿನ ಕೆಲಸದಲ್ಲಿ ಏನೇನು ತಪ್ಪಬಹುದೆಂದು ಬಿಡಿಸಿ ಹೇಳಬೇಕು, ಏಕೆಂದರೆ ವಿಡಿಯೋ ನೋಡಿದವರಿಗೆ ಅದು ಸುಲಭವೆನಿಸುತ್ತದೆ. ಕಲಸಿದ ಫಾರ್ಮುಲಾ ಮರಿಯ ಬಾಯಿಗೆ ಹೋಗುವಾಗ 39ರಿಂದ 41 ಡಿಗ್ರಿ ಸೆಲ್ಸಿಯಸ್ ಇರಬೇಕು. 43 ದಾಟಿದರೆ ಕ್ರಾಪ್, ಅಂದರೆ ಕುತ್ತಿಗೆಯ ಬುಡದ ಆ ಮೇವಿನ ಚೀಲ, ಒಳಗೇ ಸುಡುತ್ತದೆ. ಸುಟ್ಟದ್ದು ಅಂದೇ ಕಾಣುವುದಿಲ್ಲ. ಹಲವು ದಿನಗಳ ನಂತರ ಎದೆಯ ಮೇಲ್ಭಾಗದ ಚರ್ಮ ಕಪ್ಪಾಗಿ ಹಕ್ಕಳೆಗಟ್ಟುತ್ತದೆ, ಅದು ಕಳಚಿದಾಗ ತೂತು ಬಿದ್ದು ಉಣಿಸಿದ್ದೆಲ್ಲ ಹೊರಗೆ ಸೋರುತ್ತದೆ. ಬಿಸಿ ಲೋಟ ಹಿಡಿದು ಪಳಗಿದ ನಮ್ಮ ಬೆರಳಿಗೆ 45 ಡಿಗ್ರಿ ಬರೀ ಬೆಚ್ಚಗೆನಿಸಬಹುದು. ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಕೊಡುವುದು ಅಪಾಯವೇ. ಮೈಕ್ರೋವೇವ್‌ನಲ್ಲಿ ಬಿಸಿಮಾಡಿದರೆ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವಷ್ಟು ಬಿಸಿ. ತಣ್ಣಗಿದ್ದರೂ ಕೆಡುಕೇ: ಕ್ರಾಪ್ ಚಲಿಸುವುದು ನಿಧಾನವಾಗಿ ಒಳಗಿದ್ದದ್ದು ಹುಳಿಯುತ್ತದೆ.

ಹಿಡಿದ ಕ್ರಮ ತಪ್ಪಿದರೆ ಇನ್ನೂ ಬೇಗ ಸಾವು. ಮರಿಯ ಎಡಗಡೆಯಿಂದ ಸಿರಿಂಜನ್ನು ಬಲಗಡೆಯ ಗಂಟಲಿನತ್ತ ತೋರಿಸಿ, ಅದು ತಾನಾಗಿ ತಲೆ ಒತ್ತಿ ನುಂಗುವಾಗ ಮಾತ್ರ ಒತ್ತಬೇಕು. ಅವಸರದಲ್ಲಿ ಒತ್ತಿದ ಒಂದು ಹನಿ ಶ್ವಾಸನಾಳಕ್ಕೆ ಇಳಿದರೂ ಸಾಕು, ಅಲ್ಲೇ ಉಸಿರುಕಟ್ಟುತ್ತದೆ, ಇಲ್ಲವೇ ನ್ಯುಮೋನಿಯಾ ಹಿಡಿಯುತ್ತದೆ. ಒಂದು ಹೊತ್ತಿಗೆ ದೇಹತೂಕದ ಶೇಕಡ 10ರಷ್ಟು, ಅಂದರೆ 80 ಗ್ರಾಂ ಮರಿಗೆ 8 ಮಿಲಿ. ಬೆಳಗಿನ ಮೊದಲ ಹೊತ್ತಿಗೆ ಮುಂಚೆ ಕ್ರಾಪ್ ಪೂರ್ತಿ ಖಾಲಿಯಾಗಿರಬೇಕು. ಖಾಲಿಯಾಗಿಲ್ಲವೆಂದರೆ ಇನ್ನಷ್ಟು ಕೊಡಬಾರದು, ವೈದ್ಯರ ಬಳಿ ಓಡಬೇಕು. ರಾಗಿ ಗಂಜಿ, ಹಾಲು, ಮಕ್ಕಳ ಡಬ್ಬಿ ಆಹಾರ ಯಾವುದೂ ಫಾರ್ಮುಲಾಕ್ಕೆ ಬದಲಿಯಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಗಳಿಗಿಲ್ಲ, ಗಂಜಿಯಲ್ಲಿ ಬೆಳೆಯುವ ಮರಿಗೆ ಸಾಲುವಷ್ಟು ಪ್ರೋಟೀನ್ ಇಲ್ಲ.

ಇದರ ಮೇಲೆ ಚಳಿ. ಅರ್ಧ ಗರಿಯ ಮರಿ ಇರುವ ಜಾಗ 27ರಿಂದ 30 ಡಿಗ್ರಿ ಇರಬೇಕು. ಡಿಸೆಂಬರ್ ರಾತ್ರಿ ಬೆಂಗಳೂರಿನಲ್ಲಿ 16ಕ್ಕೆ ಇಳಿಯುವುದು ಸಾಮಾನ್ಯ. ಬಲ್ಬ್ ಹಾಕಿಟ್ಟು ಮಲಗಿದಾಗ ಕರೆಂಟ್ ಹೋದರೆ ಬೆಳಗಾಗುವುದರೊಳಗೆ ಕ್ರಾಪ್ ನಿಂತಿರುತ್ತದೆ. ಪೆಟ್ಟಿಗೆಗೆ ಮರದ ಹೊಟ್ಟು ಹಾಸಿಕೊಡುವವರೂ ಇದ್ದಾರೆ. ಮರಿ ಅದನ್ನು ನುಂಗಿ ಹೊಟ್ಟೆ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಎಂಥದ್ದನ್ನು ತರಬೇಕು? ಕಾಕಟೀಲ್ ಏಳರಿಂದ ಹತ್ತು ವಾರಕ್ಕೆ ಗುಟುಕು ಬಿಡುತ್ತದೆ. ಸಣ್ಣ ಕನ್ಯೂರ್‌ಗಳದ್ದೂ ಸುಮಾರು ಅದೇ ಲೆಕ್ಕ. ಆಫ್ರಿಕನ್ ಗ್ರೇಗೆ ಹನ್ನೆರಡು ವಾರ, ಕೆಲವಕ್ಕೆ ಇನ್ನೂ ಹೆಚ್ಚು. ವಯಸ್ಸನ್ನು ಮಾರುವವರ ಬಾಯಿಮಾತಿನಲ್ಲಿ ನಂಬಬೇಡಿ, ಹಕ್ಕಿಯನ್ನೇ ನೋಡಿ. ಕೊನೆಯ ಸಿರಿಂಜ್ ನಿಲ್ಲಿಸಿ ಎರಡು ವಾರವಾದರೂ ತೂಕ ಇಳಿಯದೆ ನಿಂತಿರಬೇಕು. ನಿಮ್ಮೆದುರು ಬಟ್ಟಲಿಗೆ ನವಣೆ ಹಾಕಿಸಿ: ಸಿಪ್ಪೆ ಬಿಡಿಸಿ ತಿನ್ನುತ್ತದೆಯೋ, ಸುಮ್ಮನೆ ಕೆದಕಿ ಆಡುತ್ತದೆಯೋ? ಬಟ್ಟಲಲ್ಲಿ ಬರೀ ಸಿಪ್ಪೆ ಉಳಿಯಬೇಕು. ನಿಮ್ಮನ್ನು ಕಂಡೊಡನೆ ತಲೆ ಕುಣಿಸುತ್ತಾ ಒಂದೇ ಸಮ ಚೀರುವ ಮರಿ ಮುದ್ದು ಮಾಡುತ್ತಿಲ್ಲ, ಗುಟುಕು ಕೇಳುತ್ತಿದೆ. ಎದೆಮೂಳೆಯನ್ನು ಬೆರಳಲ್ಲಿ ಸವರಿ: ಎರಡೂ ಬದಿ ಮಾಂಸವಿರಬೇಕು, ಕತ್ತಿಯಂಚಿನಂತೆ ಸಿಗಬಾರದು. ಮೂಗಿನ ರಂಧ್ರ, ಗುದದ್ವಾರದ ಸುತ್ತಲಿನ ಗರಿ ಶುಚಿಯಾಗಿರಬೇಕು. ಇದೆಲ್ಲ ನೋಡಲು ಬಿಡದವರಲ್ಲಿ ವ್ಯಾಪಾರವೇ ಬೇಡ. ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತೇವೆ ಎಂದರೂ ಅಷ್ಟೇ.

ಕಾಗದಪತ್ರದ ವಿಷಯವೂ ಇದೆ. ಕೊರಳಿಗೆ ಗುಲಾಬಿ ಪಟ್ಟಿಯ ನಮ್ಮ ಹಸಿರು ಗಿಳಿಯನ್ನು ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. "ಅಜ್ಜಿ ಮನೆಯಲ್ಲಿ ಇತ್ತಲ್ಲ" ಎಂಬುದು ಅಲ್ಲಿ ನಡೆಯುವುದಿಲ್ಲ. ಆ ಮರಿಗಳು ಪೊಟರೆಯಿಂದ ಕದ್ದು ತಂದವು. ವಿದೇಶಿ ಗಿಳಿಗಳಲ್ಲಿ ಬಜರಿಗರ್ (ಬಜ್ಜಿ ಎನ್ನುವ ಪುಟ್ಟ ಗಿಳಿ) ಮತ್ತು ಕಾಕಟೀಲ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿಲ್ಲ. ಕನ್ಯೂರ್, ಆಫ್ರಿಕನ್ ಗ್ರೇ ಇವೆ. ಅವನ್ನು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಬಿಲ್ಲೂ ಇಲ್ಲ, ಕಾಲಿಗೆ ಗುರುತಿನ ರಿಂಗೂ ಇಲ್ಲ ಎನ್ನುವವರಿಂದ ಕನ್ಯೂರ್ ತಂದರೆ ಆಮೇಲೆ ಉತ್ತರ ಕೊಡಬೇಕಾದವರು ನೀವು.

ಮೊದಲ ಹಕ್ಕಿಗೆ ನಮ್ಮ ಆಯ್ಕೆ ಗುಟುಕು ಬಿಟ್ಟ ಕಾಕಟೀಲ್. ಅದು ಬರುವ ಮುಂಚೆಯೇ ಹಕ್ಕಿ ನೋಡುವ ವೈದ್ಯರು ಯಾರೆಂದು ಗೊತ್ತುಮಾಡಿ, ಹಕ್ಕಿಯ ತೂಕ ನೋಡಲು ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿ ತನ್ನಿ. ಪಂಜರ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರಕ್ಕೆ ಕಡಿಮೆಯಿರಬಾರದು. ಸರಳುಗಳ ನಡುವೆ 12ರಿಂದ 15 ಮಿಲಿಮೀಟರ್ ಸಂದು. ಅಗ್ಗದ ಗ್ಯಾಲ್ವನೈಸ್ಡ್ ಜಾಲರಿಯ ಸತುವನ್ನು ಕಚ್ಚಿ ಕಚ್ಚಿ ಹಕ್ಕಿಗೆ ವಿಷವೇರುತ್ತದೆ. ಕೂರಲು ನುಣ್ಣನೆಯ ಪ್ಲಾಸ್ಟಿಕ್ ಕೋಲು ತೆಗೆದು ಔಷಧಿ ಸಿಂಪಡಿಸದ ಸೀಬೆ ಕೊಂಬೆ ಹಾಕಿ. ಅಡುಗೆಮನೆಯ ಹತ್ತಿರ ಪಂಜರ ಬೇಡವೇ ಬೇಡ: ನಾನ್‌ಸ್ಟಿಕ್ ತವಾ ಖಾಲಿ ಕಾದು 280 ಡಿಗ್ರಿ ಮೀರಿದರೆ ಬರುವ ಹೊಗೆ ನಮ್ಮ ಮೂಗಿಗೆ ತಿಳಿಯುವ ಮೊದಲೇ ಹಕ್ಕಿಯನ್ನು ಕೊಲ್ಲುತ್ತದೆ. ಸೊಳ್ಳೆಬತ್ತಿ, ಸಾಂಬ್ರಾಣಿಯೂ ದೂರವಿರಲಿ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ ಕೊಡಬೇಡಿ. ಹಕ್ಕಿ ಹೊರಗಿರುವಾಗ ಸೀಲಿಂಗ್ ಫ್ಯಾನ್ ನಿಲ್ಲಿಸಿರಿ.

ಈಗಾಗಲೇ ಸಿರಿಂಜಿನ ಮರಿ ಮನೆಗೆ ಬಂದಾಗಿದ್ದರೆ, ಅಲ್ಲೇ ಕಲಿಯುತ್ತೇನೆಂದು ಹೊರಡಬೇಡಿ. ಗುಟುಕು ಕೊಟ್ಟು ಅನುಭವವಿರುವ ಬ್ರೀಡರ್ ಇಲ್ಲವೇ ಹಕ್ಕಿ ವೈದ್ಯರ ಕೈಗೆ ಅಂದೇ ಕೊಡಿ. ಮೈ ತಣ್ಣಗಾಗಿದ್ದರೆ ಮೊದಲು ಬೆಚ್ಚಗೆ ಮಾಡಿ, ತಣ್ಣಗಿರುವ ಮರಿಗೆ ಏನನ್ನೂ ಉಣಿಸಬೇಡಿ. ಗಾಳಿಯಾಡುವ ಪೆಟ್ಟಿಗೆಯಲ್ಲಿ ಟಿಶ್ಯೂ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಪಕ್ಕಕ್ಕಿಡಿ, ಸೆಕೆಯಾದರೆ ಮರಿ ಆಚೆ ಸರಿಯಲು ಜಾಗವಿರಲಿ. ವೈದ್ಯರ ಬಳಿ ಹೋಗುವಾಗ ಆ ಪುಡಿಯ ಪೊಟ್ಟಣ, ಹಿಕ್ಕೆ ಬಿದ್ದ ಟಿಶ್ಯೂ, ಯಾವ ಹೊತ್ತಿಗೆ ಎಷ್ಟು ಮಿಲಿ ಕೊಟ್ಟಿರಿ ಎಂದು ಬರೆದ ಚೀಟಿ ಜತೆಗಿರಲಿ.