ಹೊಟಗಿಯಿಂದ ಒಂದು ದಿನ: ವಿಜಯಪುರವೋ, ಕಲಬುರಗಿಯೋ?

ಸೊಲ್ಲಾಪುರದ ಪಕ್ಕದ ಹೊಟಗಿ ಜಂಕ್ಷನ್ನಿನಲ್ಲಿ ರೈಲು ದಾರಿ ಕವಲೊಡೆಯುತ್ತದೆ. ಒಂದು ದಾರಿ ಅಕ್ಕಲಕೋಟ ರೋಡ್, ದುಧನಿ ದಾಟಿ ಕಲಬುರಗಿಗೆ ಹೋಗುತ್ತದೆ; ಇನ್ನೊಂದು ಭೀಮಾ ನದಿ ದಾಟಿ ಲಚ್ಯಾಣ, ಇಂಡಿ ರೋಡ್ ಮೂಲಕ ವಿಜಯಪುರಕ್ಕೆ. ಎರಡೂ ಹತ್ತಿರಹತ್ತಿರ ನೂರು ಕಿಲೋಮೀಟರ್. ಎರಡೂ ರಾಜಧಾನಿಗಳಾಗಿ ಮೆರೆದ ಊರುಗಳು. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆಗೆಂದು ಪುಣೆಯಿಂದಲೋ ಬೆಂಗಳೂರಿನಿಂದಲೋ ಬರುವ ನೆಂಟರು ಯಾತ್ರೆಯ ಮರುದಿನ ‘ಎಲ್ಲಿಗಾದರೂ ಹೋಗಿ ಸಂಜೆಗೆ ಬರೋಣ’ ಎನ್ನುವುದು ನಮ್ಮ ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ವಾಡಿಕೆ. ಎರಡೂ ಕಡೆ ನೆಂಟರನ್ನು ಕರೆದುಕೊಂಡು ಹೋಗಿದ್ದೇನೆ, ಒಬ್ಬನೇ ಹೋಗಿಯೂ ತಿರುಗಿದ್ದೇನೆ. ಮೊದಲ ಸಲ ಬಂದವರನ್ನು, ಅದರಲ್ಲೂ ಮಕ್ಕಳನ್ನು, ವಿಜಯಪುರಕ್ಕೇ ಒಯ್ಯುತ್ತೇನೆ. ನನಗಾಗಿ ಒಂದು ದಿನ ಸಿಕ್ಕರೆ ಮಾತ್ರ ಕಲಬುರಗಿಯ ಗಾಡಿ ಹತ್ತುತ್ತೇನೆ.

ವಿಜಯಪುರದ ದೊಡ್ಡ ಅನುಕೂಲವೆಂದರೆ ನೋಡುವ ಜಾಗಗಳು ಒಂದೇ ಸಾಲಿನಲ್ಲಿ ಸಿಗುವುದು. ರೈಲು ನಿಲ್ದಾಣದ ಮಗ್ಗುಲಲ್ಲೇ ಗೋಳಗುಮ್ಮಟ. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಜಾಮಿಯಾ ಮಸೀದಿ, ಗಗನ ಮಹಲ್, ಬಾರಾ ಕಮಾನ್, ಮಲಿಕ್-ಎ-ಮೈದಾನ್ ಫಿರಂಗಿ, ಕೊನೆಗೆ ಊರಗೋಡೆಯ ಆಚೆ ಇಬ್ರಾಹಿಂ ರೋಜಾ. ಟಾಂಗಾ ಸಿಕ್ಕರೆ ಅದರಲ್ಲೇ ಹೋಗಿ. ಮಕ್ಕಳಿಗೆ ಅದೂ ಒಂದು ನೋಟವೇ.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಹೋಗಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹೊತ್ತೇರಿದ ಮೇಲೆ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಲ್ಲುತ್ತವೆ. ಮೇಲೆ ಎಲ್ಲರೂ ಕೂಗುವವರೇ, ಗುಮ್ಮಟದ ಒಳಸುತ್ತಿನ ಪಿಸುಮಾತಿನ ಮೊಗಸಾಲೆಯಲ್ಲಿ ಪಿಸುಮಾತೇ ಕೇಳುವುದಿಲ್ಲ. ಬೆಳಗಿನ ಮೌನದಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೆಸರು ಹೇಳಿದರೆ ಎದುರು ಬದಿಯಲ್ಲಿರುವವರ ಕಿವಿಗೆ ಅದು ಸ್ಪಷ್ಟವಾಗಿ ತಲುಪುತ್ತದೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳಗೆ ಒಂದೂ ಕಂಬವಿಲ್ಲ. ಕೆಳಗೆ ನಿಂತು ತಲೆಯೆತ್ತಿ ನೋಡಿ: ಒಂದನ್ನೊಂದು ಹಾಯುವ ಕಮಾನುಗಳು ಚೌಕದ ಕೋಣೆಯನ್ನು ಎಂಟು ಮೂಲೆಗೆ ತಂದು, ಆ ಭಾರವನ್ನೆಲ್ಲ ಗೋಡೆಗಳಿಗೆ ಇಳಿಸಿವೆ. ಮೂಲೆಯ ಗೋಪುರದ ಮೆಟ್ಟಿಲುಗಳು ಕಡಿದು, ಇಕ್ಕಟ್ಟು. ಮೊಣಕಾಲು ನೋವಿರುವ ಹಿರಿಯರನ್ನು ಕೆಳಗಿನ ಹುಲ್ಲುಹಾಸಿನಲ್ಲೇ ಕೂರಿಸಿ. ಮುಂದಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಆದರೂ ಆ ಊರಿನಲ್ಲಿ ನನ್ನ ಮನಸ್ಸು ನಿಲ್ಲುವುದು ಇಬ್ರಾಹಿಂ ರೋಜಾದಲ್ಲಿ. ಒಂದೇ ಜಗಲಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರಾಗಿ ನಿಂತಿವೆ. ಕಲ್ಲಿನಲ್ಲಿ ಅಕ್ಷರಗಳನ್ನೇ ಕೊರೆದು ಮಾಡಿದ ಜಾಲಂದ್ರಗಳ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಗೋಳಗುಮ್ಮಟ ಗಾತ್ರದಿಂದ ಗೆಲ್ಲುತ್ತದೆ, ಇದು ಕೈಕೆಲಸದಿಂದ. ಸಂಗೀತಪ್ರಿಯನಾಗಿದ್ದ, ತಾನೇ ಹಾಡು ಕಟ್ಟಿ ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದ ಎರಡನೇ ಇಬ್ರಾಹಿಂ ಆದಿಲ್ ಶಾಹನಿಗೆ ಇಂಥ ಕಟ್ಟಡವೇ ತಕ್ಕದ್ದು.

ಕಲಬುರಗಿ ಇಷ್ಟು ಸುಲಭವಾಗಿ ಕೈಗೆ ಸಿಗುವ ಊರಲ್ಲ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗಿನಿಂದ, ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ಯುವವರೆಗೆ, ನೂರು ವರ್ಷವೂ ತುಂಬದ ವೈಭವ ಅದರದು. ಜಾಗಗಳು ಚದುರಿವೆ, ಆಟೋ ಹಿಡಿದು ಹೋಗಬೇಕು, ಕೋಟೆಯೊಳಗೆ ಸೂಚನಾ ಫಲಕಗಳೂ ಕಡಿಮೆ. ಆದರೆ ಆ ಕೋಟೆಯೊಳಗೆ 1367ರ ಜಾಮಿಯಾ ಮಸೀದಿ ಇದೆ. ಬೇರೆಡೆ ಮಸೀದಿಗೆ ತೆರೆದ ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಜಾಗಕ್ಕೆ ಮಾಡು ಮುಚ್ಚಿದೆ. ಅಂಚಿನ ಓಣಿಗಳಲ್ಲಿ ಕಮಾನುಗಳು ಅಗಲ, ಅವು ಹುಟ್ಟುವ ಕಂಬಗಳು ಗಿಡ್ಡ. ಒಂದರ ಹಿಂದೊಂದು ಅವು ಸಾಗುವುದನ್ನು ನೋಡುತ್ತ ಒಂದು ತಾಸು ಕಳೆದರೂ ಗೊತ್ತಾಗುವುದಿಲ್ಲ. ಬಿಳಿ ಗೋಡೆಯ ಮೇಲೆ ಬೀಳುವ ಮಂದ ಬೆಳಕನ್ನು ನೋಡಲೆಂದೇ ಮತ್ತೆ ಮತ್ತೆ ಹೋಗುತ್ತೇನೆ. ವಿಜಯಪುರದ ಯಾವ ಕಟ್ಟಡವೂ ನನಗೆ ಇಷ್ಟು ಸಮಾಧಾನ ಕೊಟ್ಟಿಲ್ಲ.

ಮುಂದೆ ಬಹಮನಿ ಸುಲ್ತಾನರ ಸಮಾಧಿಗಳಿರುವ ಹಫ್ತ್ ಗುಂಬಜ್. ಇಲ್ಲಿ ಜನರು ಕಡಿಮೆ, ಫಿರೋಜ್ ಷಾಹನ ಜೋಡಿ ಗುಮ್ಮಟದ ಸಮಾಧಿಯನ್ನಂತೂ ತಪ್ಪಿಸಬಾರದು. ಬಂದೇನವಾಜರ ದರ್ಗಾ ಮತ್ತು ಶರಣಬಸವೇಶ್ವರ ಗುಡಿ ಎರಡಕ್ಕೂ ಒಂದೇ ದಿನ ಹೋಗಿಬರುವ ಭಕ್ತರು ನಮ್ಮ ಊರಿನಲ್ಲೂ ಇದ್ದಾರೆ, ನಾನೂ ಹಾಗೆಯೇ ಮಾಡುತ್ತೇನೆ.

ಊಟದ ಲೆಕ್ಕ ಬೇರೆ. ವಿಜಯಪುರದ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು. ರುಚಿಯಲ್ಲಿ ಕೊರತೆಯಿಲ್ಲ, ಬೆಂಗಳೂರಿನ ನೆಂಟರು ಬೆರಳು ಚೀಪುತ್ತಾರೆ. ಆದರೆ ಇದು ನಮ್ಮ ಮನೆಯ ತಾಟು; ಶೇಂಗಾ ಹಿಂಡಿಯಲ್ಲಿ ಸೊಲ್ಲಾಪುರವನ್ನು ಮೀರಿಸುವುದು ಕಷ್ಟ. ಕಲಬುರಗಿಯಲ್ಲಿ ನಮಗೆ ಹೊಸದಾದದ್ದು ಸಿಗುತ್ತದೆ. ಬೆಳಿಗ್ಗೆ ಮಂಡಕ್ಕಿಯ ಸುಸಲಾ, ಬಿಸಿ ಮಿರ್ಚಿ. ಮಾಂಸ ತಿನ್ನುವವರಿಗೆ ಮಾಂಸದ ಅನ್ನ ತಹರಿ. ತಡವಾದರೆ ಪಾತ್ರೆ ಖಾಲಿ. ಮಧ್ಯಾಹ್ನ ಅಲ್ಲಿಯದೇ ತೊಗರಿಯ ಬೇಳೆ, ಬಿಸಿ ರೊಟ್ಟಿ. ಆ ಕಪ್ಪು ನೆಲದ ಬೇಳೆ ಬೆಂದಾಗ ಬರುವ ವಾಸನೆಯೇ ಬೇರೆ. ಮರಳುವಾಗ ಮಾಲ್ಪುರಿ ಕಟ್ಟಿಸಿಕೊಳ್ಳುತ್ತೇನೆ. ಅವ್ವನಿಗೆ ಅದು ಬೇಕೇ ಬೇಕು. ವಿಜಯಪುರದಿಂದಾದರೆ ಒಣದ್ರಾಕ್ಷಿ.

ಬಿಸಿಲಿನಲ್ಲಿ ಎರಡೂ ಊರು ಒಂದೇ: ಏಪ್ರಿಲ್, ಮೇ ತಿಂಗಳಲ್ಲಿ ಬೇಡವೇ ಬೇಡ. ವಿಜಯಪುರದ ಕಡೆ ರೈಲುಗಳು ಕಡಿಮೆ, ಹೊತ್ತು ಹೊಂದದಿದ್ದರೆ ಸೊಲ್ಲಾಪುರದಿಂದ ಝಳಕಿ ಮೇಲೆ ಹೋಗುವ ಬಸ್ಸು ಹಿಡಿಯಿರಿ. ಕಲಬುರಗಿಯದು ಮುಂಬೈ–ಚೆನ್ನೈ ಮುಖ್ಯ ಮಾರ್ಗ, ಗಾಡಿಗಳಿಗೆ ಬರವಿಲ್ಲ. ಆದರೆ ಅನೇಕ ಎಕ್ಸ್‌ಪ್ರೆಸ್ಸುಗಳು ಹೊಟಗಿಯಲ್ಲಿ ನಿಲ್ಲದ ಕಾರಣ ಸೊಲ್ಲಾಪುರಕ್ಕೆ ಹೋಗಿ ಹತ್ತುವುದೇ ವಾಸಿ. ಕಲಬುರಗಿಯ ಜೊತೆಗೆ ಬೀದರನ್ನೂ ಮುಗಿಸಿ ಬರುತ್ತೇವೆ ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಅದಕ್ಕೆ ಅಲ್ಲಿಯೇ ಒಂದು ರಾತ್ರಿ ತಂಗಬೇಕು.