ಮನೆಯ ಪ್ರೊಜೆಕ್ಟರ್: ಕೊಳ್ಳುವ ಮೊದಲು ಮತ್ತು ಕೊಂಡ ಮೇಲೆ

ನಮ್ಮ ಮನೆಯಲ್ಲಿರುವುದು ಲ್ಯಾಂಪ್ ಬೆಳಕಿನ, ಚಿತ್ರ ಮೂಡಿಸುವ ಮೂರು ಎಲ್‌ಸಿಡಿ ಫಲಕಗಳುಳ್ಳ, 1920×1080 ರೆಸಲ್ಯೂಷನ್‌ನ ಪ್ರೊಜೆಕ್ಟರ್. ಬಹುಕಾಲದಿಂದ ಬಳಸುತ್ತಿರುವ ನನಗೆ ಅದರಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಒಳಗೆ ಧೂಳು ಹೋಗದಂತೆ ತಡೆಯುವ ಏರ್ ಫಿಲ್ಟರ್‌ನ ಮುಚ್ಚಳ. ಅದು ಯಂತ್ರದ ಪಕ್ಕದಲ್ಲಿರುವುದರಿಂದ, ಚಾವಣಿಗೆ ತೂಗುಹಾಕಿದ ಪ್ರೊಜೆಕ್ಟರನ್ನು ಕೆಳಗಿಳಿಸದೆಯೇ ಫಿಲ್ಟರನ್ನು ಹೊರತೆಗೆಯಬಹುದು. ಕೊಳ್ಳುವಾಗ ಸಾಮಾನ್ಯವಾಗಿ ಯಾರೂ ವಿಚಾರಿಸದ ಸಂಗತಿ ಇದು; ವರ್ಷಗಟ್ಟಲೆ ಚಿತ್ರ ಚೆನ್ನಾಗಿ ಉಳಿಯಬೇಕಾದರೆ ಇದನ್ನೇ ಮೊದಲು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ.

ಆಯ್ಕೆಯ ಕೆಲಸ ಅಳತೆ ಟೇಪಿನಿಂದ ಆರಂಭವಾಗಬೇಕು. ಪ್ರತಿ ಪ್ರೊಜೆಕ್ಟರಿಗೂ ಥ್ರೋ ರೇಷಿಯೊ ಎಂಬ ಅಂಕಿ ಇರುತ್ತದೆ. ಪರದೆಯ ಅಗಲವನ್ನು ಅದರಿಂದ ಗುಣಿಸಿದರೆ ಲೆನ್ಸಿಗೂ ಪರದೆಗೂ ನಡುವೆ ಇರಬೇಕಾದ ಅಂತರ ಸಿಗುತ್ತದೆ. 100 ಇಂಚಿನ 16:9 ಪರದೆಯ ಅಗಲ ಸುಮಾರು 2.2 ಮೀಟರ್ ಆದ್ದರಿಂದ, ರೇಷಿಯೊ 1.5 ಇರುವ ಯಂತ್ರವನ್ನು 3.3 ಮೀಟರ್ ದೂರದಲ್ಲಿ ಇಡಬೇಕಾಗುತ್ತದೆ. ಕೋಣೆಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಉಳಿದ ಗುಣಗಳೆಲ್ಲ ಇದ್ದೂ ಪ್ರಯೋಜನವಿಲ್ಲ. ನಮ್ಮ ಯಂತ್ರದಲ್ಲಿ ಜೂಮ್ ಜೊತೆಗೆ ಲೆನ್ಸ್ ಶಿಫ್ಟ್ ಕೂಡ ಇದ್ದು, ಮೇಲ್ಭಾಗದ ಚಿಕ್ಕ ತಿರುಗಣೆಯನ್ನು ತಿರುಗಿಸಿದರೆ ಚಿತ್ರವು ಆಕಾರ ಕೆಡದೆ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ. ಅನೇಕ ಅಗ್ಗದ ಮಾದರಿಗಳಲ್ಲಿ ಕೀಸ್ಟೋನ್ ಹೊಂದಾಣಿಕೆ ಮಾತ್ರ ಇರುತ್ತದೆ. ಓರೆಯಾಗಿ ಬಿದ್ದ ಚಿತ್ರವನ್ನು ಅದು ಕುಗ್ಗಿಸಿ ನೇರ ಮಾಡುವಾಗ ಫಲಕದ ಒಂದಷ್ಟು ಪಿಕ್ಸೆಲ್‌ಗಳು ಬಳಕೆಯಾಗದೆ ಉಳಿದು, ಸಬ್‌ಟೈಟಲ್‌ನ ಸಣ್ಣ ಅಕ್ಷರಗಳ ಅಂಚು ಮಸುಕಾಗುತ್ತದೆ.

ಹೊಳಪನ್ನು ಲ್ಯೂಮೆನ್ ಎಂಬ ಬೆಳಕಿನ ಅಳತೆಯಲ್ಲಿ ಹೇಳುತ್ತಾರೆ; ಅದರಲ್ಲಿ ಆನ್ಸಿ (ಅಮೆರಿಕದ ಮಾನದಂಡ ಸಂಸ್ಥೆ) ಲ್ಯೂಮೆನ್ ಅಥವಾ ಐಎಸ್‌ಒ 21118 ಮಾನದಂಡದ ಪ್ರಕಾರ ಅಳೆದ ಲ್ಯೂಮೆನ್ ಮಾತ್ರ ಹೋಲಿಕೆಗೆ ಯೋಗ್ಯ. ಯಾವ ಮಾನದಂಡವನ್ನೂ ಹೇಳದ ಭಾರಿ ಸಂಖ್ಯೆಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪೆಟ್ಟಿಗೆಯ ಮೇಲೆ 1080ಪಿ ಸಪೋರ್ಟ್ ಎಂದಿದ್ದರೂ ನೇಟಿವ್ ರೆಸಲ್ಯೂಷನ್, ಅಂದರೆ ಯಂತ್ರ ನಿಜವಾಗಿ ಮೂಡಿಸಬಲ್ಲ ಪಿಕ್ಸೆಲ್‌ಗಳ ಸಂಖ್ಯೆ, ಅದಕ್ಕಿಂತ ಬಹಳ ಕಡಿಮೆ ಇರಬಹುದು. ಇನ್ನು ಕಪ್ಪು ಬಣ್ಣದ ವಿಷಯ: ಪರದೆಯ ಮೇಲೆ ಬೇರೆ ಬೆಳಕು ಎಷ್ಟು ಬಿದ್ದಿದೆಯೋ ಅದಕ್ಕಿಂತ ಗಾಢವಾದ ಕಪ್ಪು ಅಲ್ಲಿ ಮೂಡಲಾರದು. ಆದ್ದರಿಂದ ಹೆಚ್ಚಿನ ಹೊಳಪಿಗೆ ಹಣ ಹಾಕುವ ಮೊದಲು ಕಿಟಕಿಗಳಿಗೆ ದಪ್ಪ ಕರ್ಟನ್ ಹಾಕಿ ನೋಡುವುದು ಜಾಣತನ. ಕತ್ತಲು ಮಾಡಿದ ಕೋಣೆಯಲ್ಲೂ ನಮ್ಮ ಯಂತ್ರದ ಕಪ್ಪು ತುಸು ಬೂದಾಗಿಯೇ ಕಾಣುತ್ತದೆ ಎಂಬುದನ್ನೂ, ಪೂರ್ಣ ಹೊಳಪಿನಲ್ಲಿ ಫ್ಯಾನಿನ ಸದ್ದು ಮೆಲುದನಿಯ ಸಂಭಾಷಣೆಗೆ ಅಡ್ಡಿಯಾಗುತ್ತದೆ ಎಂಬುದನ್ನೂ ಹೇಳಲೇಬೇಕು.

ಎಲ್‌ಸಿಡಿ ಫಲಕಗಳ ಬದಲು ಅತಿ ಸಣ್ಣ ಕನ್ನಡಿಗಳುಳ್ಳ ಒಂದೇ ಚಿಪ್ಪಿನಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಯಂತ್ರಗಳು ಬಣ್ಣಗಳನ್ನು ಒಂದಾದ ಮೇಲೊಂದರಂತೆ ತೋರಿಸುವುದರಿಂದ ಕೆಲವರ ಕಣ್ಣಿಗೆ ಕಾಮನಬಿಲ್ಲಿನಂಥ ಮಿಂಚುಗಳು ಕಾಣಿಸುತ್ತವೆ. ಮೂರು ಫಲಕಗಳ ಎಲ್‌ಸಿಡಿಯಲ್ಲಿ ಆ ತೊಂದರೆಯಿಲ್ಲ. ಆದರೆ ಅದಕ್ಕೆ ಧೂಳು ಆಗಿಬರುವುದಿಲ್ಲ. ಫಲಕದ ಬಳಿ ಒಂದು ಕಣ ಕುಳಿತರೂ ಕತ್ತಲ ದೃಶ್ಯಗಳಲ್ಲಿ ಹಸಿರು, ಕೆಂಪು ಅಥವಾ ನೀಲಿ ಛಾಯೆಯ ಮಬ್ಬು ಮಚ್ಚೆಯೊಂದು ಎದ್ದು ಕಾಣುತ್ತದೆ. ಅಂಥ ಮಚ್ಚೆಯನ್ನು ತೆಗೆಸಲು ಯಂತ್ರವನ್ನು ಸರ್ವಿಸ್ ಸೆಂಟರಿಗೆ ಒಯ್ಯಬೇಕಾಗುತ್ತದೆ, ಫಿಲ್ಟರ್ ಶುಚಿಗೊಳಿಸುವುದಾದರೋ ಕೆಲವೇ ನಿಮಿಷಗಳ ಕೆಲಸ. ಯಂತ್ರವನ್ನು ಆರಿಸಿ ತಣ್ಣಗಾಗಲು ಬಿಟ್ಟು, ಮುಚ್ಚಳ ತೆರೆದು, ಬೂದು ಬಣ್ಣದ ಹತ್ತಿಯಂತೆ ಅಂಟಿಕೊಂಡ ಧೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಹೊರಬದಿಯಿಂದಲೇ ಹಗುರವಾಗಿ ಎಳೆದುಕೊಳ್ಳಬೇಕು. ತೊಳೆಯಬಹುದೆಂದು ಕೈಪಿಡಿ ಹೇಳದ ಹೊರತು ನೀರು ತಾಗಿಸಬಾರದು. ಲೆನ್ಸನ್ನು ಒರೆಸುವ ಮುನ್ನ ಬ್ಲೋವರ್‌ನಿಂದ ಗಾಳಿ ಹಾಯಿಸದಿದ್ದರೆ ಒರೆಸುವ ಬಟ್ಟೆಯೇ ಧೂಳನ್ನು ಉಜ್ಜಿ ಗೀರು ಮೂಡಿಸುತ್ತದೆ.

ಲ್ಯಾಂಪಿನ ಆಯಸ್ಸು ಸಾಮಾನ್ಯವಾಗಿ 3000ದಿಂದ 5000 ಗಂಟೆ. ಲೇಸರ್ ಬೆಳಕಿನ ಯಂತ್ರಗಳಿಗೆ ಸುಮಾರು 20,000 ಗಂಟೆ ಎಂದು ತಯಾರಕರು ಹೇಳುತ್ತಾರೆ. ಈ ಅಂಕಿಗಳು ಹೊಳಪು ಅರ್ಧಕ್ಕೆ ಇಳಿಯುವವರೆಗಿನ ಅವಧಿ; ಹೊಳಪು ನಿಧಾನವಾಗಿ ಇಳಿಯುವುದರಿಂದ, ಚಿತ್ರ ಮಂಕಾಗುತ್ತಾ ಬಂದದ್ದು ದಿನವೂ ನೋಡುವವರಿಗೆ ತಿಳಿಯುವುದೇ ಇಲ್ಲ. ಯಂತ್ರವನ್ನು ಆಫ್ ಮಾಡಿದ ಮೇಲೆ ಫ್ಯಾನ್ ತಾನಾಗಿ ನಿಲ್ಲುವವರೆಗೆ ಗೋಡೆಯ ಸ್ವಿಚ್ಚನ್ನು ಮುಟ್ಟಬಾರದು. ಹೊಸ ಲ್ಯಾಂಪ್ ಹಾಕುವಾಗ ಅದರ ಗಾಜಿಗೆ ಬೆರಳು ತಾಗದಂತೆ ಹಿಡಿಯಬೇಕು, ಬಳಿಕ ಮೆನುವಿನಲ್ಲಿ ಗಂಟೆಗಳ ಎಣಿಕೆಯನ್ನು ಸೊನ್ನೆಗೆ ತರಬೇಕು. ಲ್ಯಾಂಪಿನೊಳಗೆ ಪಾದರಸ ಇರುವುದರಿಂದ, ಅದು ಒಡೆದರೆ ಯಂತ್ರವನ್ನು ಆರಿಸಿ, ಕಿಟಕಿಗಳನ್ನು ತೆರೆದು, ಗಾಳಿ ಬದಲಾಗುವವರೆಗೆ ಎಲ್ಲರೂ ಕೋಣೆಯಿಂದ ಹೊರಗಿರಬೇಕು.